ದಾರಿಗೆ ದೋಷವುಂಟೋ?

ಕೇಡು ಬಂದ ಮನೆಯವರು ಅದನ್ನು ಮಾಡಿದವನನ್ನು ಹುಡುಕುವದಕ್ಕಿಂತ ಮುಂಚೆ ಅದು ಬಂದ ದಾರಿಯನ್ನು ಬೈಯುವದುಂಟು. ಕಳ್ಳನು ಸಿಕ್ಕದಿದ್ದರೆ ಹಿತ್ತಲ ಬಾಗಿಲನ್ನು ದೂರುವರು. ಹುಡುಗನು ಹೊಳೆಯಲ್ಲಿ ಮುಳುಗಿದರೆ ಹೊಳೆಗೆ ಶಾಪ ಹಾಕುವರು. ದುಃಖವು ದೊಡ್ಡದಾಗಿರುವಾಗ ಇಂಥ ಮಾತು ಬಾಯಿಂದ ಬರುವದು ಸಹಜವೇ. ಆದರೆ ದುಃಖದಲ್ಲಿ ಆಡಿದ ಮಾತನ್ನು ಮರುದಿನ ತೀರ್ಪಾಗಿ ಮಾಡಿಕೊಂಡರೆ ಆ ಮನೆಗೆ ಎರಡನೆಯ ಕೇಡು ಬರುವದು. ಈ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಅಂಥ ಒಂದು ತೀರ್ಪು ಆಗುತ್ತಲಿದೆ ಎಂದು ತೋರುವದರಿಂದ ಪ್ರಿಯ ವಾಚಕರ ಸಂಗಡ ಅದನ್ನು ಕುರಿತು ಸ್ವಲ್ಪ ಆಲೋಚಿಸಬೇಕೆಂದಿದ್ದೇವೆ.

ಹರಿಹರ ತಾಲೂಕಿನ ಕೊಂಡಜ್ಜಿ ಎಂಬ ಊರನ್ನು ನಮ್ಮ ಕಡೆಯವರೆಲ್ಲರು ಬಲ್ಲರು. ಗುಡ್ಡ, ಕೆರೆ, ಸ್ಕೌಟು ಮತ್ತು ಗೈಡು ಮಕ್ಕಳು ಬಂದು ಇಳಿಯುವ ಶಿಬಿರ, ಇವುಗಳಿಂದ ಅದು ಹೆಸರಾಗಿದೆ. ಅಲ್ಲಿಯ ಮತ್ತು ಸುತ್ತಲಿನ ಹಳ್ಳಿಗಳ ಜನರಿಗೆ ದಾವಣಗೆರೆಯೂ ಹತ್ತಿರ, ಹರಿಹರವೂ ಹತ್ತಿರ. ಈ ಎರಡು ಪಟ್ಟಣಗಳು ಬೆಳೆಯುತ್ತಾ ಬೆಳೆಯುತ್ತಾ ಒಂದರ ಕಡೆಗೆ ಒಂದು ಸರಿಯುತ್ತಲಿವೆ; ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯು 1997ರಲ್ಲಿ ಜಿಲ್ಲೆಯ ಮುಖ್ಯ ಸ್ಥಳವಾಯಿತು; 2009ರಲ್ಲಿ ಅದಕ್ಕೆ ವಿಶ್ವವಿದ್ಯಾನಿಲಯ ಬಂತು; 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲು ಆರಿಸಿದ 20 ನಗರಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಗಿರಣಿಯ ಕೂಲಿಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ. ಹಳ್ಳಿಯ ಹುಡುಗ ಹುಡುಗಿಯರು ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ. ಓದು ಮುಗಿಸಿದವರು ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ.

ನಾವು ಹೇಳಿದ ತೀರ್ಪು ಈ ಬಸ್ಸನ್ನು ಕುರಿತದ್ದೇ. ಪಟ್ಟಣಗಳಲ್ಲಿ ಗಾಂಜಾ, ಪುಡಿ, ಮಾತ್ರೆ ಮುಂತಾದ ಅಮಲುಪದಾರ್ಥಗಳು ವಿದ್ಯಾರ್ಥಿಗಳ ಕೈಗೆ ಸಿಕ್ಕುತ್ತವೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ, ಕೆಲವು ಹಿರಿಯರು ಕಟ್ಟೆಯ ಮೇಲೆ ಕೂತು ಹೀಗೆ ಮಾತಾಡುವದನ್ನು ಕೇಳುತ್ತೇವೆ: 'ಬಸ್ಸು ಬಂದದ್ದೇ ಕೆಟ್ಟಿತು. ಊರಿಗೂ ಪಟ್ಟಣಕ್ಕೂ ನಡುವೆ ಮೊದಲಿನಂತೆ ದೂರವಿದ್ದರೆ ಈ ವಿಷವು ಇಲ್ಲಿಗೆ ಬರುತ್ತಿತ್ತೋ? ಹುಡುಗನು ಹೋದರೆ ಹೋಗಲಿ, ಹುಡುಗಿಯನ್ನಾದರೂ ಇನ್ನು ಮೇಲೆ ಕಳಿಸುವದು ಬೇಡ.' ಈ ಮಾತಿನಲ್ಲಿರುವ ಭಯವು ಸುಳ್ಳಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅದು ಹುಟ್ಟಿದೆ. ಆದರೂ ಪ್ರೀತಿಯಿಂದ ಹುಟ್ಟಿದ ಮಾತೆಲ್ಲಾ ನ್ಯಾಯವಾದ ಮಾತಾಗಿರುವದಿಲ್ಲ. ಆದುದರಿಂದ ಎರಡು ಪ್ರಶ್ನೆಗಳನ್ನು ವಿಚಾರಿಸೋಣ. ಕೆಟ್ಟದ್ದು ಒಂದು ದಾರಿಯಿಂದ ಬಂದರೆ ಆ ದಾರಿಯು ದೋಷಿಯೋ? ದಾರಿಯು ದೋಷಿಯಲ್ಲದಿದ್ದರೆ ದೋಷಿಯು ಯಾರು?

ಮೊದಲು ಈ ವ್ಯಾಪಾರವು ನಡೆಯುವ ರೀತಿಯನ್ನು ತಿಳಿಯಬೇಕು. ಬೆಂಗಳೂರಿನಲ್ಲಿ ಪೊಲೀಸಿನವರು ಹಿಡಿಯುವ ಗಾಂಜಾದಲ್ಲಿ ಬಹಳಷ್ಟು ಆಂಧ್ರ ಮತ್ತು ಒಡಿಶಾ ರಾಜ್ಯಗಳ ಗಡಿಯಲ್ಲಿರುವ ಗುಡ್ಡಗಾಡಿನಿಂದ ಬಂದದ್ದು. ಅದನ್ನು ಬೆಳೆಯುವವನು ಬಡವನು; ಹೊಟ್ಟೆಪಾಡಿಗೆ ಬೆಳೆದೆನೆಂದು ಹೇಳುತ್ತಾನೆ. ಅವನಿಂದ ಕೊಳ್ಳುವ ದಲ್ಲಾಳಿಯು ತಾನು ಬೆಳೆಯಲಿಲ್ಲವಲ್ಲಾ ಎನ್ನುತ್ತಾನೆ. ಅದನ್ನು ಚೀಲದಲ್ಲಿ ಕಟ್ಟಿ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಲಾರಿಯ ಸರಕಿನ ಅಡಿಯಲ್ಲಿಯೋ ತರುವವನು ಕೂಲಿಗೆ ಒಪ್ಪಿದ ಹುಡುಗನು. ಗಂಟು ಕೊಟ್ಟರು, ತಂದೆ, ಒಳಗೇನಿದೆ ಎಂದು ಕೇಳಲಿಲ್ಲ ಎನ್ನುತ್ತಾನೆ. ಪಟ್ಟಣದಲ್ಲಿ ಅದನ್ನು ಚಿಕ್ಕ ಪೊಟ್ಟಣಗಳಾಗಿ ಮಾರುವವನು ಅನೇಕ ಸಾರಿ ತಾನೇ ಚಟಕ್ಕೆ ಬಿದ್ದಿರುವ ವಿದ್ಯಾರ್ಥಿ. ಗೆಳೆಯರು ಬೇಡಿದರು, ಕೊಟ್ಟೆ ಎನ್ನುತ್ತಾನೆ. ಕಡೆಗೆ ಕೊಳ್ಳುವವನು, ನನ್ನ ದುಡ್ಡು, ನನ್ನ ದೇಹ, ಇದರಿಂದ ಮತ್ತೊಬ್ಬರಿಗೇನು ಎನ್ನುತ್ತಾನೆ. ಹೀಗೆ ಐದು ಕೈಗಳನ್ನು ದಾಟುವಾಗ ಐದು ಮಂದಿಯೂ 'ನಾನು ಮಾಡಿದ್ದು ಇಷ್ಟೇ' ಎಂದು ಹೇಳುವರು. ಆ ಐದು 'ಇಷ್ಟೇ'ಗಳನ್ನು ಕೂಡಿಸಿದರೆ ಒಂದು ಮನೆಯ ಮಗನ ಬಾಳು ಹಾಳಾಗುವಷ್ಟಾಗುವದು.

ಗಾಂಜಾಕ್ಕಾದರೂ ಒಂದು ಗಂಟು ಬೇಕು, ಅದಕ್ಕೆ ವಾಸನೆಯೂ ಉಂಟು. ಎಂ.ಡಿ.ಎಂ.ಎ. ಎಂಬ ರಾಸಾಯನಿಕ ಪುಡಿಗೆ ಅಂಗಿಯ ಜೇಬು ಅಥವಾ ಅಂಚೆಯ ಲಕೋಟೆ ಸಾಕು. 1985ರಲ್ಲಿ ಜಾರಿಗೆ ಬಂದ ಮಾದಕ ವಸ್ತುಗಳ ಕಾನೂನು ಈ ಭೇದವನ್ನು ಬಲ್ಲದು. ಗಾಂಜಾದಲ್ಲಿ 20 ಕಿಲೋಗ್ರಾಮು ವ್ಯಾಪಾರದ ಪ್ರಮಾಣವೆಂದು ಎಣಿಸಲ್ಪಡುವಾಗ ಈ ಪುಡಿಯಲ್ಲಿ 10 ಗ್ರಾಮು ಅದೇ ಪ್ರಮಾಣವೆನ್ನಿಸುವದು. ಅಷ್ಟನ್ನು ಇಟ್ಟುಕೊಂಡವನಿಗೂ ಸಾಗಿಸಿದವನಿಗೂ 10 ವರ್ಷಕ್ಕೆ ಕಡಿಮೆಯಿಲ್ಲದ, 20 ವರ್ಷಗಳ ವರೆಗಿನ ಕಠಿಣ ಸಜೆಯೂ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ಉಂಟು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ 10 ಗ್ರಾಮು ಪುಡಿಯು ಬಸ್ಸಿಗಾಗಿ ಕಾಯುವದಿಲ್ಲ. ಅದು ಕಾರಿನಲ್ಲಿ ಬರುವದು, ಮೋಟಾರು ಸೈಕಲ್ಲಿನಲ್ಲಿ ಬರುವದು, ಪಾರ್ಸಲಿನಲ್ಲಿ ಬರುವದು. ಬಸ್ಸನ್ನು ನಿಲ್ಲಿಸಿದವನು ವಿದ್ಯಾರ್ಥಿಯನ್ನು ನಿಲ್ಲಿಸಿದ ಹಾಗಾಯಿತೇ ಹೊರತು ವಿಷವನ್ನು ನಿಲ್ಲಿಸಿದ ಹಾಗಾಗಲಿಲ್ಲ.

ಇದಲ್ಲದೆ ವಿಷವು ಪಟ್ಟಣದಿಂದ ಹಳ್ಳಿಗೆ ಬರುತ್ತದೆಂಬ ಮಾತು ಸಹ ಅರ್ಧ ಸತ್ಯವೇ. ಕರ್ನಾಟಕದ ಹೊಲಗಳಲ್ಲಿ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಗಿಡಗಳ ನಡುವೆ ಗಾಂಜಾ ಗಿಡಗಳನ್ನು ಬೆಳೆಸಿದವರು ಎಷ್ಟೋ ಸಾರಿ ಸಿಕ್ಕಿಬಿದ್ದಿದ್ದಾರೆ. ಬಸ್ಸು ಎರಡೂ ಕಡೆಗೆ ಹೋಗುತ್ತದೆ. ಅದರಲ್ಲಿ ಹಳ್ಳಿಯ ಪಾಪವು ಪಟ್ಟಣಕ್ಕೆ ಹೋಗುವದೂ ಉಂಟು. ಇನ್ನೊಂದು ಲೆಕ್ಕವನ್ನೂ ಮರೆಯಬಾರದು. 2019ರಲ್ಲಿ ಪ್ರಕಟವಾದ ದೇಶದ ಸಮೀಕ್ಷೆಯಲ್ಲಿ 10ರಿಂದ 75 ವರ್ಷ ವಯಸ್ಸಿನವರೊಳಗೆ ನೂರಕ್ಕೆ 14.6 ಮಂದಿ ಮದ್ಯಪಾನ ಮಾಡುವವರೆಂದೂ, ಗಾಂಜಾ ಭಂಗಿಗಳನ್ನು ಸೇವಿಸುವವರು ನೂರಕ್ಕೆ 2.8 ಮಂದಿಯೆಂದೂ ಕಂಡುಬಂತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತವು ನಿಂತಿತೋ? ಸಂಜೆ ತಾನು ಕುಡಿದು ಬಂದು ಮಗನ ಚೀಲವನ್ನು ತಡಕುವ ತಂದೆಯ ಮಾತಿಗೆ ಮಗನು ಎಷ್ಟು ಬೆಲೆ ಕೊಡುವನೆಂದು ವಾಚಕರೇ ಎಣಿಸಿಕೊಳ್ಳಲಿ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ವಸ್ತುವಿನ ಮೇಲೆ ದೋಷ ಹೊರಿಸುವದು ಬಹು ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ಪೂರ್ವಕಾಲದಿಂದ ಒಂದು ಕಾಯಿದೆಯಿತ್ತು. ಬಂಡಿಯ ಗಾಲಿಗೆ ಸಿಕ್ಕಿ ಮನುಷ್ಯನು ಸತ್ತರೆ ಆ ಬಂಡಿಯನ್ನೋ ಅದರ ಕ್ರಯವನ್ನೋ ಅಪರಾಧಿಯಾದ ವಸ್ತುವೆಂದು ಅರಸನ ಬೊಕ್ಕಸಕ್ಕೆ ತೆಗೆದುಕೊಳ್ಳುತ್ತಿದ್ದರು. ರೈಲು ಬಂದು ಅಪಘಾತಗಳು ಹೆಚ್ಚಿ, ಪಂಚರು ಎಂಜಿನುಗಳ ಮೇಲೆ ದೊಡ್ಡ ದೊಡ್ಡ ಮೊತ್ತಗಳನ್ನು ಹೊರಿಸತೊಡಗಿದ ಮೇಲೆ ಈ ಕಾಯಿದೆಯನ್ನು 1846ರಲ್ಲಿ ತೆಗೆದುಬಿಟ್ಟರು. ಕಬ್ಬಿಣಕ್ಕೆ ಮನಸ್ಸಿಲ್ಲ, ಮನಸ್ಸಿಲ್ಲದ್ದಕ್ಕೆ ಅಪರಾಧವಿಲ್ಲ ಎಂಬದು ಆಗ ಅವರಿಗೆ ತಿಳಿದುಬಂತು.

ವಿಮೋಚನಕಾಂಡದಲ್ಲಿರುವ ಹಾಯುವ ಎತ್ತಿನ ನ್ಯಾಯವು ಇದಕ್ಕಿಂತ ಬಹು ಹಳೆಯದಾದರೂ ಇದಕ್ಕಿಂತ ಸೂಕ್ಷ್ಮವಾದದ್ದು. ಎತ್ತು ಹಾಯ್ದು ಮನುಷ್ಯನು ಸತ್ತರೆ ಎತ್ತನ್ನು ಕೊಲ್ಲಬೇಕು, ಯಜಮಾನನು ನಿರಪರಾಧಿಯು. ಆದರೆ ಆ ಎತ್ತಿಗೆ ಹಾಯುವ ಗುಣ ಮೊದಲೇ ಇದ್ದು, ಅದನ್ನು ಜನರು ಯಜಮಾನನಿಗೆ ತಿಳಿಸಿದ್ದೂ ಅವನು ಕಟ್ಟದೆ ಬಿಟ್ಟಿದ್ದರೆ ಅವನೂ ಅಪರಾಧಿಯೇ. ಇಲ್ಲಿ ತಕ್ಕಡಿಯ ಮುಳ್ಳು ಎತ್ತಿನ ಕೊಂಬಿನ ಮೇಲೆ ನಿಲ್ಲದೆ ಯಜಮಾನನ ತಿಳುವಳಿಕೆಯ ಮೇಲೆ ನಿಲ್ಲುತ್ತದೆ. ಅವನಿಗೆ ಗೊತ್ತಿತ್ತೋ? ಗೊತ್ತಿದ್ದು ಏನು ಮಾಡಿದನು? ಆಶ್ಚರ್ಯವೇನಂದರೆ, ನಾವು ಮೇಲೆ ಹೇಳಿದ 1985ರ ಕಾನೂನು ಸಹ ಇದೇ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಮಾದಕ ವಸ್ತುವನ್ನು ಸಾಗಿಸಿದ ವಾಹನವು ಮುಟ್ಟುಗೋಲಿಗೆ ಒಳಗಾಗುವದು. ಆದರೆ ಯಜಮಾನನು ತನಗೂ ತನ್ನ ಕೈಕೆಳಗಿನವರಿಗೂ ಅದು ತಿಳಿಯದೆಂದೂ, ತಕ್ಕ ಎಚ್ಚರಿಕೆಯನ್ನು ತೆಗೆದುಕೊಂಡಿದ್ದೆವೆಂದೂ ತೋರಿಸಿದರೆ ವಾಹನವು ಉಳಿಯುವದು. ತಿಳಿಯಲಿಲ್ಲವೆಂಬ ಒಂದು ಮಾತು ಸಾಲದು. ತಿಳಿಯುವದಕ್ಕೆ ತಕ್ಕಷ್ಟು ಕಣ್ಣು ತೆರೆದಿದ್ದೆಯೋ ಎಂದು ನ್ಯಾಯವು ಕೇಳುತ್ತದೆ. ಆದುದರಿಂದ ದಾರಿಗೂ ಬಸ್ಸಿಗೂ ದೋಷವಿಲ್ಲ. ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ನಡೆಯುವವನಿಗೆ ದೋಷವುಂಟು.

ದಾರಿಯನ್ನು ದೋಷಿಯೆಂದು ತೀರ್ಮಾನಿಸಿದವರಿಗೆ ಏನಾಯಿತೆಂಬದನ್ನು ದೂರದ ಒಂದು ಪಟ್ಟಣದಿಂದ ಕಲಿಯಬಹುದು. ಅಮೇರಿಕಾ ದೇಶದ ಅಟ್ಲಾಂಟಾ ಎಂಬ ನಗರವು ಬೆಳೆದು, ಸುತ್ತಲಿನ ಸೀಮೆಗಳಿಗೆಲ್ಲಾ ಬಸ್ಸು ರೈಲುಗಳನ್ನು ಓಡಿಸಬೇಕೆಂಬ ಯೋಜನೆಯಾದಾಗ, ಕಾಬ್ ಎಂಬ ಸೀಮೆಯವರು 1965ರಲ್ಲಿಯೂ ಗ್ವಿನೆಟ್ ಮತ್ತು ಕ್ಲೇಟನ್ ಸೀಮೆಗಳವರು 1971ರಲ್ಲಿಯೂ ನಮಗೆ ಬೇಡವೆಂದು ಮತ ಕೊಟ್ಟರು. ರೈಲು ಬಂದರೆ ಪಟ್ಟಣದ ಅಪರಾಧವೂ ಬರುವದೆಂಬದು ಆ ಸೀಮೆಗಳಲ್ಲಿ ಬಹು ಕಾಲ ಕೇಳಿಬಂದ ಮಾತು. ಆ ಮಾತಿನ ಹಿಂದೆ ಕಪ್ಪು ಬಣ್ಣದ ಜನರು ತಮ್ಮ ಬೀದಿಗೆ ಬರಬಾರದೆಂಬ ಮನಸ್ಸು ಇತ್ತು. ಅಮಲುಪದಾರ್ಥಗಳು ರೈಲು ಬಾರದ ಸೀಮೆಗಳಿಗೂ ಕಾರುಗಳಲ್ಲಿ ಹೋಗಿ ಮುಟ್ಟಿದವು. ಆದರೆ ಕಾರಿಲ್ಲದ ಬಡವನು ಕೆಲಸವಿದ್ದ ಕಡೆಗೆ ಮುಟ್ಟಲಾರದೆ ಹೋದನು. ಕ್ಲೇಟನ್ ಸೀಮೆಯವರು 2014ರಲ್ಲಿ ಮನಸ್ಸು ಬದಲಿಸಿ, ಬೇಕೆಂದು ಮತ ಕೊಟ್ಟರು; ಅಷ್ಟರಲ್ಲಿ ನಾಲ್ವತ್ತುಮೂರು ವರ್ಷಗಳು ಕಳೆದಿದ್ದವು. 'ವಿಷವು ಬಾರದಿರಲಿ' ಎಂಬ ಮಾತಿನೊಳಗೆ 'ಅವರು ಬಾರದಿರಲಿ' ಎಂಬ ಮಾತು ಅಡಗಿಕೊಂಡಿರಬಹುದೆಂಬದನ್ನು ಊರ ಹೊರಗೆ ಇರಿಸಲ್ಪಟ್ಟವರ ಮಕ್ಕಳಾದ ನಮ್ಮಲ್ಲಿ ಅನೇಕರಿಗೆ ಯಾರೂ ವಿವರಿಸಬೇಕಾದದ್ದಿಲ್ಲ.

ನಮ್ಮ ನಾಡಿನಲ್ಲಿ ಈ ತೀರ್ಪಿನ ಭಾರವನ್ನು ಹೊರುವವರು ಯಾರು? ಹುಡುಗಿಯರೇ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆಯು ಪ್ರಾರಂಭವಾಗಿ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲದಂತಾಯಿತು. ಅದು ಬೊಕ್ಕಸಕ್ಕೆ ಭಾರವೆಂದೂ ಬಸ್ಸಿನಲ್ಲಿ ನೂಕುನುಗ್ಗಲೆಂದೂ ವಾದಿಸುವವರು ಉಂಟು. ಆ ವಾದವನ್ನು ಇಲ್ಲಿ ತೀರಿಸಲಾರೆವು. ಆದರೆ ಹಣದ ತಡೆಯೊಂದು ಹೋದ ಮೇಲೆ ಭಯದ ತಡೆಯೊಂದನ್ನು ನಾವೇ ಕಟ್ಟಿ ಹುಡುಗಿಯನ್ನು ಮನೆಯಲ್ಲಿ ಕೂರಿಸಿದರೆ ಗಾಂಜಾ ಮಾರುವವನಿಗೆ ಯಾವ ನಷ್ಟ? ಅವನ ಅಪರಾಧಕ್ಕೆ ಅವಳು ದಂಡ ತೆತ್ತ ಹಾಗಾಯಿತು. ಒಬ್ಬನ ತಪ್ಪಿಗೆ ಇನ್ನೊಬ್ಬರನ್ನು, ಅದೂ ಎದುರಾಡದವರನ್ನು, ಶಿಕ್ಷಿಸುವದು ನ್ಯಾಯವೆಂದು ಯಾವ ಶಾಸ್ತ್ರವೂ ಹೇಳುವದಿಲ್ಲ.

ಎರಡನೆಯ ಪ್ರಶ್ನೆಗೆ ಬಂದೆವು. ದೋಷಿಯು ಯಾರು? ಐದು ಮಂದಿ 'ಇಷ್ಟೇ' ಎಂದು ಹೇಳಿದರೆಂದು ಮೇಲೆ ನೋಡಿದೆವಷ್ಟೆ. ಕೆಲವರು ಹೀಗೆ ಲೆಕ್ಕ ಹಾಕುವರು: ದೋಷವನ್ನು ಐದು ಮಂದಿಗೆ ಹಂಚಿದರೆ ಒಬ್ಬೊಬ್ಬನಿಗೆ ಐದರಲ್ಲಿ ಒಂದು ಪಾಲು, ನೂರು ಮಂದಿಗೆ ಹಂಚಿದರೆ ನೂರರಲ್ಲಿ ಒಂದು, ಲಕ್ಷ ಮಂದಿಗೆ ಹಂಚಿದರೆ ಯಾರಿಗೂ ಏನೂ ಇಲ್ಲ. ಇದು ಸಾಲದ ಲೆಕ್ಕವಾದರೆ ಸರಿಯೇ. ಹತ್ತು ಜನ ಹಂಚಿಕೊಂಡ ಸಾಲವು ಹಗುರಾಗುವದು. ದೋಷವೋ ಬೆಂಕಿಯಂಥಾದ್ದು. ನೆರೆಮನೆಯವಳು ಬಂದು ನಮ್ಮ ಒಲೆಯಿಂದ ಕೆಂಡ ತೆಗೆದುಕೊಂಡು ಹೋದರೆ ನಮ್ಮ ಒಲೆಯ ಬೆಂಕಿಯು ಕಡಿಮೆಯಾಗುವದಿಲ್ಲ. ಈಗ ಎರಡು ಒಲೆ ಉರಿಯುತ್ತವೆ.

ಇದಕ್ಕೆ ಚರಿತ್ರೆಯಿಂದ ಒಂದು ದೊಡ್ಡ ಉದಾಹರಣೆಯನ್ನು ತೋರಿಸುವೆವು. ಈಸ್ಟ್ ಇಂಡಿಯಾ ಕಂಪೆನಿಯವರು ಬಂಗಾಳ ಬಿಹಾರಗಳ ರೈತರಿಂದ ಅಫೀಮನ್ನು ಬೆಳೆಸಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಕೊಂಡ ವರ್ತಕರು ಅದನ್ನು ಹಡಗಿನಲ್ಲಿ ಚೀನಾ ದೇಶಕ್ಕೆ ಸಾಗಿಸಿ, ಆ ದೇಶದ ಆಜ್ಞೆಯನ್ನು ಮೀರಿ ಮಾರುತ್ತಿದ್ದರು. ಕಂಪೆನಿಯು, ನಾವು ಹರಾಜು ಹಾಕಿದೆವು ಇಷ್ಟೇ, ಮುಂದೆ ಅದು ಎಲ್ಲಿಗೆ ಹೋಯಿತೆಂಬದು ನಮ್ಮದಲ್ಲ ಎಂದಿತು. ವರ್ತಕನು, ನಾನು ಸಾಗಿಸಿದೆ ಇಷ್ಟೇ ಎಂದನು. ಈ 'ಇಷ್ಟೇ'ಗಳಿಂದ 1839ರಲ್ಲಿ ಒಂದು ಯುದ್ಧವೂ 1856ರಲ್ಲಿ ಇನ್ನೊಂದು ಯುದ್ಧವೂ ಹುಟ್ಟಿದವು. ಚೀನಾದಲ್ಲಿದ್ದ ಮಿಷನ್ ವೈದ್ಯರೂ ಇಂಗ್ಲೆಂಡಿನ ಅನೇಕ ಸಜ್ಜನರೂ ವರ್ಷಗಟ್ಟಲೆ ಇದರ ವಿರುದ್ಧ ಕೂಗಿದರು. 1893ರಲ್ಲಿ ನೇಮಕವಾದ ರಾಯಲ್ ಕಮಿಷನ್ನು 1895ರಲ್ಲಿ ಕೊಟ್ಟ ವರದಿಯು ವ್ಯಾಪಾರದ ಪಕ್ಷವಾಗಿಯೇ ಇತ್ತು. ಆದಾಗ್ಯೂ ಅವರು ಬಿಡಲಿಲ್ಲ. 1907ರಲ್ಲಿ, ಹತ್ತು ವರ್ಷಗಳೊಳಗೆ ಚೀನಾಕ್ಕೆ ಅಫೀಮು ಕಳಿಸುವದನ್ನು ನಿಲ್ಲಿಸುವದೆಂಬ ಒಡಂಬಡಿಕೆಯಾಯಿತು. 1912ರಲ್ಲಿ ಹೇಗ್ ಪಟ್ಟಣದಲ್ಲಿ ಅನೇಕ ರಾಜ್ಯಗಳು ಕೂಡಿ ಅಫೀಮಿನ ಮೇಲೆ ನಿರ್ಬಂಧದ ಕರಾರಿಗೆ ಸಹಿ ಹಾಕಿದವು. ಅಷ್ಟು ಕಾಲವೂ ಯಾರೂ ಸಮುದ್ರವನ್ನು ದೋಷಿಯೆಂದು ಹೇಳಲಿಲ್ಲ, ಹಡಗುಗಳೇ ಬೇಡವೆನ್ನಲಿಲ್ಲ. 'ಇಷ್ಟೇ' ಎಂಬ ಮಾತನ್ನು ಒಪ್ಪದವರು ಹೆಚ್ಚಿದಾಗ ಆ ವ್ಯಾಪಾರವು ಬಿತ್ತು.

ಇಲ್ಲಿ ಒಬ್ಬ ವಾಚಕನು ಕೇಳಬಹುದು: ಹಾಗಾದರೆ ಕೂಲಿಗೆ ಗಂಟು ಹೊತ್ತ ಹುಡುಗನೂ, ಕೋಟಿ ಗಳಿಸಿದ ಒಡೆಯನೂ ಸಮಾನ ದೋಷಿಗಳೋ? ನ್ಯಾಯಸ್ಥಾನದಲ್ಲಿ ಅಲ್ಲ. ನ್ಯಾಯಾಧಿಪತಿಯು ಅಳೆಯಲೇಬೇಕು, ತೂಗಲೇಬೇಕು; ಕಾನೂನಿನಲ್ಲಿ ಅಲ್ಪ ಪ್ರಮಾಣಕ್ಕೂ ವ್ಯಾಪಾರದ ಪ್ರಮಾಣಕ್ಕೂ ಬೇರೆ ಬೇರೆ ಶಿಕ್ಷೆಯಿರುವದು ಅದಕ್ಕೋಸ್ಕರವೇ. ಆದರೆ ಮನಸ್ಸಾಕ್ಷಿಯ ಮುಂದೆ ನಿಂತವನಿಗೆ ಇನ್ನೊಬ್ಬನ ಪಾಲು ಎಷ್ಟೆಂಬ ಲೆಕ್ಕವು ಬೇಕಾಗಿಲ್ಲ. ಅಲ್ಲಿ ಅವನನ್ನು ಕೇಳುವದು ಅವನ ಕೈಯನ್ನು ಕುರಿತೇ.

ಈ ಮಾತು ಮಾದಕ ವಸ್ತುವಿಗೆ ಮಾತ್ರ ಸಲ್ಲುವದೆಂದು ಎಣಿಸಬೇಡಿರಿ. ಬೆಂಗಳೂರಿನ ರಸ್ತೆಗಳ ವಾದದಲ್ಲಿಯೂ ಇದೇ 'ಇಷ್ಟೇ' ಎಂಬ ಮಾತು ಕೇಳಿಬರುತ್ತದೆ. ಅಲ್ಲಿ 2011ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಓಡತೊಡಗಿತು. 2016ರಲ್ಲಿ ಹೆಬ್ಬಾಳದ ಕಡೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಬೇಕೆಂದಾಗ ಜನರು ಬೀದಿಯ ಉದ್ದಕ್ಕೂ ಕೈ ಕೈ ಹಿಡಿದು ನಿಂತು ಬೇಡವೆಂದರು. 2017ರ ಮಾರ್ಚಿನಲ್ಲಿ ಸರಕಾರವು ಅದನ್ನು ಕೈಬಿಟ್ಟಿತು. 2022ರ ಜೂನಿನಲ್ಲಿ 148 ಕಿಲೋಮೀಟರು ಉದ್ದದ ಉಪನಗರ ರೈಲಿಗೆ ಅಸ್ತಿಭಾರ ಹಾಕಿದರು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರವು ಏರಿ, ಮೇಲಿನ ದರವು 60 ರೂಪಾಯಿಯಿಂದ 90 ರೂಪಾಯಿಯಾಯಿತು. ಬಡವರು ಹೇಗೆ ಹತ್ತಬೇಕೆಂದು ಅನೇಕರು ಕೇಳಿದರು. ಅದೇ ವರ್ಷ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನ ವರೆಗೆ ನೆಲದಡಿಯಲ್ಲಿ ಸುರಂಗದ ರಸ್ತೆ ಬೇಕೋ ಅಥವಾ ಆ ಹಣಕ್ಕೆ ಬಸ್ಸು ರೈಲುಗಳು ಬೇಕೋ ಎಂಬ ದೊಡ್ಡ ವಾದವಾಯಿತು. ಈ ವಾದಗಳ ನಡುವೆ ಕಾರಿನಲ್ಲಿ ಒಬ್ಬನೇ ಕೂತು ಹೋಗುವವನು, ನನ್ನದು ಒಂದು ಕಾರು, ಇಷ್ಟೇ ಎನ್ನುವನು. ಅಂಥ ಒಂದೊಂದು ಕಾರು ಲಕ್ಷಗಟ್ಟಲೆ ಕೂಡಿದಾಗ ಬಸ್ಸಿನೊಳಗೆ ನಿಂತಿರುವ ಐವತ್ತು ಮಂದಿಯ ಹೊತ್ತು ಬೀದಿಯಲ್ಲಿಯೇ ಕಳೆಯುವದು. ಅಪರಾಧಕ್ಕೂ ಅನುಕೂಲಕ್ಕೂ ಬಹಳ ಅಂತರವುಂಟು, ನಿಜ. ಆದರೂ ಹಂಚಿಕೊಂಡ ದೋಷವು ಕಾಣದೆ ಹೋಗುವ ರೀತಿಯು ಎರಡರಲ್ಲಿಯೂ ಒಂದೇ.

ಈ ಎರಡು ಸಂಗತಿಗಳು ಒಂದು ಸ್ಥಳದಲ್ಲಿ ನಿಜವಾಗಿಯೂ ಕೂಡುತ್ತವೆ. ನಮ್ಮ ಹಳ್ಳಿಯಿಂದ ಹೋದ ಹುಡುಗನು ಬಾಡಿಗೆ ಕಡಿಮೆಯೆಂದು ಪಟ್ಟಣದ ಹೊರಗೆ, ಬಸ್ಸು ಸರಿಯಾಗಿ ಬಾರದ ಕಡೆ ಕೋಣೆ ಹಿಡಿಯುತ್ತಾನೆ. ಕತ್ತಲಾದ ಮೇಲೆ ಅವನಿಗೆ ಎಲ್ಲಿಗೂ ಹೋಗುವದಕ್ಕೆ ದಾರಿಯಿಲ್ಲ. ಆರಾಧನೆಗಾಗಲಿ ನೆಂಟರ ಮನೆಗಾಗಲಿ ಹೋಗಿ ಬರುವದು ಒಂದು ದಿನದ ಪ್ರಯಾಣ. ಅವನ ಬಳಿಗೆ ತಪ್ಪದೆ ಬರುವವನು ಒಬ್ಬನೇ, ಮೋಟಾರು ಸೈಕಲ್ಲಿನಲ್ಲಿ ಬರುವ ಆ ಪೊಟ್ಟಣದವನು. ದೀಪವೂ ಕಂಡಕ್ಟರನೂ ನಾಲ್ವತ್ತು ಜೊತೆ ಕಣ್ಣುಗಳೂ ಇರುವ ಬಸ್ಸು ಕಳ್ಳವ್ಯಾಪಾರಕ್ಕೆ ಭಯದ ಸ್ಥಳ. ದೀಪವಿಲ್ಲದ ಬೀದಿಯ ಒಂಟಿ ಕೋಣೆಯು ಅದಕ್ಕೆ ಸಲೀಸಾದ ಸ್ಥಳ. ಆದುದರಿಂದ ಒಳ್ಳೆಯ ಬಸ್ಸು ಓಡುವದು ಸಹ ಯೌವನಸ್ಥರನ್ನು ಕಾಯುವ ಕೆಲಸದಲ್ಲಿ ಒಂದು ಪಾಲೆಂದು ಹೇಳುವೆವು.

ಬಸ್ಸು ರೈಲುಗಳಲ್ಲಿ ಶೋಧನೆ ಬೇಡವೋ ಎಂದರೆ, ಬೇಕು. ರೈಲ್ವೆ ರಕ್ಷಣಾ ಪಡೆಯವರು ಆಪರೇಷನ್ ನಾರ್ಕೋಸ್ ಎಂಬ ಹೆಸರಿನಿಂದ ರೈಲುಗಳಲ್ಲಿ ಮಾದಕ ವಸ್ತುಗಳನ್ನು ಹುಡುಕುತ್ತಾರೆ. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಚೀಲಗಳನ್ನು ಯಂತ್ರದೊಳಗೆ ಹಾಯಿಸಿ ನೋಡುತ್ತಾರೆ. ಇದಕ್ಕೆ ಬೇಸರಪಡುವದು ಸರಿಯಲ್ಲ. ಆದರೆ ಹರಿದ ಚೀಲದವನನ್ನು ಮಾತ್ರ ನಿಲ್ಲಿಸಿ ಹೊಳೆಯುವ ಕಾರಿನವನಿಗೆ ಸಲಾಮು ಹಾಕುವದು ಶೋಧನೆಯಲ್ಲ, ಮುಖದಾಕ್ಷಿಣ್ಯ. ಮೈಯನ್ನು ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ನನ್ನನ್ನು ಕರೆದುಕೊಂಡು ಹೋಗಿರೆಂದು ಕೇಳುವ ಹಕ್ಕು ಕಾನೂನಿನಲ್ಲಿ ಪ್ರತಿಯೊಬ್ಬನಿಗೂ ಉಂಟು. ಹೆಂಗಸನ್ನು ಹೆಂಗಸೇ ಶೋಧಿಸಬೇಕೆಂಬ ನಿಯಮವೂ ಉಂಟು. ನಮ್ಮ ಜನರು ಇದನ್ನು ತಿಳಿದಿರುವದು ಒಳ್ಳೇದು.

ಇನ್ನು ನಮ್ಮಿಂದ ಆಗತಕ್ಕದ್ದೇನು? ಮೂರು ಮಾತುಗಳನ್ನು ಹೇಳುವೆವು.

ಮೊದಲನೆಯದಾಗಿ, ಒಳಗೇನಿದೆ ಎಂದು ತಿಳಿಯದ ಗಂಟನ್ನು ಹೊರಬೇಡಿರಿ. 'ಈ ಪೊಟ್ಟಣವನ್ನು ಅಲ್ಲಿ ಇಳಿದ ಕೂಡಲೆ ನಮ್ಮವನು ಬಂದು ಇಸಕೊಳ್ಳುವನು' ಎಂದು ಬಸ್ಸಿನ ಕಿಟಕಿಯಿಂದ ಒಳಗೆ ಕೊಡುವದು ನಮ್ಮ ಕಡೆ ಹಳೆಯ ವಾಡಿಕೆ. ಅದು ಉಪಕಾರಬುದ್ಧಿಯಿಂದ ಬಂದದ್ದು. ಆದರೆ ಈ ಕಾನೂನಿನಲ್ಲಿ, ವಸ್ತುವು ಯಾರ ಬಳಿ ಸಿಕ್ಕಿತೋ ಅವನಿಗೆ ಅದು ತಿಳಿದಿತ್ತೆಂದು ನ್ಯಾಯಸ್ಥಾನವು ಎಣಿಸಬಹುದು. ತಿಳಿಯದೆಂದು ತೋರಿಸುವ ಭಾರವು ಅವನ ಮೇಲೆಯೇ ಬೀಳುವದು. ಬಿಚ್ಚಿ ತೋರಿಸೆಂದು ಕೇಳುವದು ಅವಮಾನವಲ್ಲ. ಯಥಾರ್ಥನು ಬಿಚ್ಚುವನು, ಬಿಚ್ಚಲಾರದವನಿಗೆ ಉಪಕಾರ ಮಾಡಬೇಕಾದದ್ದಿಲ್ಲ.

ಎರಡನೆಯದಾಗಿ, ಬಿದ್ದವನನ್ನು ಮರೆಮಾಡಬೇಡಿರಿ, ಹೊರಗೂ ಹಾಕಬೇಡಿರಿ. ಮಗನು ಚಟಕ್ಕೆ ಬಿದ್ದನೆಂದು ತಿಳಿದಾಗ ಮನೆಯವರಿಗೆ ಮೊದಲು ಬರುವದು ನಾಚಿಕೆ. ಮದುವೆಯ ಮಾತು ಕೆಡುವದೆಂದೂ ಸಭೆಯವರು ಏನೆನ್ನುವರೆಂದೂ ಹೆದರಿ, ಬಾಗಿಲು ಮುಚ್ಚಿ ಹೊಡೆಯುವರು. ಇಲ್ಲವೆ ಬೇರೆ ಊರಿಗೆ ಅಟ್ಟುವರು. ಎರಡರಿಂದಲೂ ಚಟವು ಬಿಡುವದಿಲ್ಲ. ಇದು ಪಾಪದ ಮಾತಾಗಿರುವಷ್ಟೇ ರೋಗದ ಮಾತೂ ಆಗಿದೆ; ಇದಕ್ಕೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. 14446 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸರಕಾರದವರು ಬುದ್ಧಿ ಹೇಳಿ ದಾರಿ ತೋರಿಸುತ್ತಾರೆ. ಕಾನೂನು ಸಹ ಇಲ್ಲಿ ಕರುಣೆಯನ್ನು ತೋರಿಸಿದೆ. ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಅಪರಾಧಕ್ಕೆ ಸಿಕ್ಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯದಂತೆ ಮಾಡಿದೆ. ಸರಕಾರದ ಕಾನೂನು ತೆರೆದಿಟ್ಟ ಬಾಗಿಲನ್ನು ತಂದೆಯು ಮುಚ್ಚಬಹುದೋ?

ಮೂರನೆಯದಾಗಿ, ಬಸ್ಸನ್ನು ಬೈಯುವದನ್ನು ಬಿಟ್ಟು ಬಸ್ಸಿಗಾಗಿ ಕೇಳಿರಿ. ಗ್ರಾಮಸಭೆ ಕೂಡುವಾಗ ಸಂಜೆಯ ಕಡೇ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕೆಂದೂ, ನಿಲ್ದಾಣದಲ್ಲಿ ದೀಪ ಬೇಕೆಂದೂ ಎದ್ದು ನಿಂತು ಹೇಳಿರಿ. ಕತ್ತಲಲ್ಲಿ ಇಳಿಯುವ ಮಕ್ಕಳಿಗೆ ಊರ ಹಿರಿಯರಲ್ಲಿ ಒಬ್ಬಿಬ್ಬರು ಸರದಿಯ ಮೇಲೆ ಹೋಗಿ ನಿಂತರೆ ಅದಕ್ಕೆ ಯಾವ ಯೋಜನೆಯ ಹಣವೂ ಬೇಡ. ಮಾರುವವನ ಸುಳಿವು ಸಿಕ್ಕಿದರೆ 1933 ಎಂಬ ಸಂಖ್ಯೆಗೆ ತಿಳಿಸಿರಿ. 2024ರಿಂದ ಅದನ್ನು ಇದಕ್ಕೋಸ್ಕರವೇ ಇಟ್ಟಿದ್ದಾರೆ. ತಿಳಿದೂ ತಿಳಿಸದೆ ಇದ್ದವನು ಹಾಯುವ ಎತ್ತನ್ನು ಕಟ್ಟದೆ ಬಿಟ್ಟ ಯಜಮಾನನ ಸಾಲಿನಲ್ಲಿ ನಿಲ್ಲುವನು.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುವ ದಾರಿಯಲ್ಲಿ ಕಳ್ಳರಿದ್ದರೆಂಬದನ್ನು ವಾಚಕರೆಲ್ಲರು ಬಲ್ಲರು. ಆ ದೃಷ್ಟಾಂತವನ್ನು ಹೇಳಿದ ಕರ್ತನು ಆ ದಾರಿಯನ್ನು ಮುಚ್ಚಿರೆಂದು ಹೇಳಲಿಲ್ಲ. ಅಲ್ಲಿ ಇನ್ನು ಮೇಲೆ ಯಾರೂ ನಡೆಯಬಾರದೆಂದೂ ಹೇಳಲಿಲ್ಲ. ಹೊಡೆದವರ ಕಥೆಯನ್ನು ಒಂದು ಮಾತಿನಲ್ಲಿ ಮುಗಿಸಿ, ನೋಡಿಯೂ ಆಚೆ ಬದಿಯಿಂದ ಹೋದ ಇಬ್ಬರ ಕಡೆಗೂ, ನಿಂತ ಒಬ್ಬನ ಕಡೆಗೂ ನಮ್ಮ ಕಣ್ಣನ್ನು ತಿರುಗಿಸಿದನು. ಆ ಇಬ್ಬರು ಸಹ, ನಾವು ದಾಟಿ ಹೋದೆವು ಇಷ್ಟೇ ಎಂದು ಹೇಳಿಕೊಂಡಿದ್ದಾರು.

ಪ್ರಿಯ ವಾಚಕರೇ, ನಿಮ್ಮ ಮಗಳು ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಟಾಗ ತಡೆಯಬೇಡಿರಿ. ಬುತ್ತಿ ಕಟ್ಟಿಕೊಟ್ಟು ಕಳಿಸಿರಿ. ಸಂಜೆ ಅವಳು ಬಂದ ಮೇಲೆ, ದಾರಿಯಲ್ಲಿ ಯಾರು ಯಾರು ಸಿಕ್ಕಿದರೆಂದು ಹತ್ತಿರ ಕೂರಿಸಿಕೊಂಡು ಕೇಳಿರಿ. ಅವಳು ಹೇಳುವದನ್ನು ಗದರದೆ ಕಡೇ ವರೆಗೆ ಕೇಳಿರಿ. ಮಗನನ್ನೂ ಹಾಗೆಯೇ ಕೇಳಿರಿ. ಮಕ್ಕಳು ಭಯವಿಲ್ಲದೆ ಮಾತಾಡುವ ಮನೆಯ ಬಾಗಿಲಲ್ಲಿ ಆ ಪೊಟ್ಟಣದವನು ಬಹಳ ಹೊತ್ತು ನಿಲ್ಲುವದಿಲ್ಲ.